ಡಿಸಿಟಿ ಕಾರು ನಡುಗುತ್ತಿದೆಯಾ? ಗೇರ್‌ಬಾಕ್ಸ್ ಬಿಚ್ಚಿಸುವ ಮುಂಚೆ ಇಷ್ಟು ಮಾಡಿ

ನಮ್ಮ ಡಿಸಿಟಿ (ಡ್ಯುಯಲ್ ಕ್ಲಚ್ ಟ್ರಾನ್ಸ್‌ಮಿಷನ್, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಕಾರು ಮೊದಲ ಸಲ ನಡುಗಿದ್ದು ಬೆಂಗಳೂರಿನ ಒಂದು ಮಾಲ್‌ನ ಬೇಸ್‌ಮೆಂಟ್‌ನಲ್ಲಿ. ಭಾನುವಾರ ಸಂಜೆ. ಹೊರಗೆ ಬರುವ ರ‍್ಯಾಂಪ್ ಮೇಲೆ ಕಾರುಗಳು ಸಾಲಾಗಿ ನಿಂತಿದ್ದವು. ಮುಂದಿನ ಕಾರು ಎರಡಡಿ ಹೋದರೆ ನಾನೂ ಎರಡಡಿ ಹೋಗುತ್ತಿದ್ದೆ. ಹತ್ತು ನಿಮಿಷ ಹೀಗೇ ನಡೆಯಿತು. ಆಮೇಲೆ ಒಮ್ಮೆ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮುಟ್ಟಿದ ತಕ್ಷಣ ಸೀಟಿನ ಕೆಳಗಿಂದ ಗಡಗಡ ಅಂತ ನಡುಕ ಬಂತು. ಕಪ್ ಹೋಲ್ಡರ್‌ನಲ್ಲಿದ್ದ ಬಾಟಲಿಯ ನೀರಿನ ಮೇಲೆ ಸಣ್ಣ ಸಣ್ಣ ಅಲೆ ಎದ್ದವು. ಹಿಂದೆ ಕೂತಿದ್ದ ಅಮ್ಮ, "ಏನೋ ಅದು, ಕಲ್ಲಿನ ಮೇಲೆ ಹತ್ತಿಸಿದ್ಯಾ?" ಅಂದರು. ರಸ್ತೆಗೆ ಬಂದು ವೇಗ ಇಪ್ಪತ್ತು ದಾಟಿದ ಮೇಲೆ ಎಲ್ಲ ಸರಿಹೋಯಿತು.

ಅಲ್ಲಿಂದ ಆರು ತಿಂಗಳು ಅಲೆದಾಡಿದ್ದೇನೆ. ಸರ್ವಿಸ್ ಸೆಂಟರ್‌ನಲ್ಲಿ ಮೊದಲ ಸಲ "ಈ ಗೇರ್‌ಬಾಕ್ಸೇ ಹಾಗೆ ಸಾರ್" ಅಂದರು. ಎರಡನೇ ಸಲ "ನೀವು ಓಡಿಸೋ ಸ್ಟೈಲ್ ಬದಲಾಯಿಸಿ" ಅಂದರು. ಮೂರನೇ ಸಲ ನೇರವಾಗಿ ಕ್ಲಚ್ ಸೆಟ್ಟಿನ ಎಸ್ಟಿಮೇಟ್ ಕೈಗೆ ಕೊಟ್ಟರು. ಈ ಮೂರು ಸಲದಲ್ಲಿ ಒಮ್ಮೆಯೂ ಯಾರೂ ಕಾರಿನಲ್ಲಿ ಕೂತು ನಡುಕ ಯಾವಾಗ ಬರುತ್ತದೆ ಅಂತ ನೋಡಿರಲಿಲ್ಲ. ಅಲ್ಲೇ ಇದೆ ಎಲ್ಲ ತೊಂದರೆ. ನಡುಕ ಯಾವ ಗೇರ್‌ನಲ್ಲಿ, ಎಷ್ಟು ವೇಗದಲ್ಲಿ, ಬಿಸಿಯಾದಾಗಲೋ ತಣ್ಣಗಿದ್ದಾಗಲೋ, ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಗೊತ್ತಿಲ್ಲದೆ ಹೋದರೆ ಯಾರು ಏನು ಹೇಳಿದರೂ ತಲೆಯಾಡಿಸಿ ಬರಬೇಕಾಗುತ್ತದೆ.

ಒಳಗೆ ಆಗುತ್ತಿರುವುದೇನು

ಮ್ಯಾನುವಲ್ ಕಾರು ಕಲಿಯುವಾಗ ಎಲ್ಲರಿಗೂ ಒಂದು ಮಾತು ಹೇಳಿರುತ್ತಾರೆ: "ಹಾಫ್ ಕ್ಲಚ್‌ನಲ್ಲಿ ಓಡಿಸ್ಬೇಡ, ಪ್ಲೇಟ್ ಸುಟ್ಟುಹೋಗುತ್ತೆ." ಡಿಸಿಟಿಯಲ್ಲೂ ಕ್ಲಚ್ ಇದೆ. ಒಂದಲ್ಲ, ಎರಡು. ಒಂದು ಕ್ಲಚ್ 1, 3, 5, 7ನೇ ಗೇರುಗಳನ್ನು ನೋಡಿಕೊಳ್ಳುತ್ತದೆ. ಇನ್ನೊಂದು 2, 4, 6 ಮತ್ತು ಸಾಮಾನ್ಯವಾಗಿ ರಿವರ್ಸನ್ನು. ಒಂದು ಗೇರ್‌ನಲ್ಲಿ ಓಡುತ್ತಿರುವಾಗಲೇ ಮುಂದಿನ ಗೇರ್ ಇನ್ನೊಂದು ಕಡೆ ಸಿದ್ಧವಾಗಿ ಕೂತಿರುತ್ತದೆ. ಅದಕ್ಕೇ ಗೇರ್ ಬದಲಾಗುವುದು ಅಷ್ಟು ಚುರುಕು. ಎಡಗಾಲಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ.

ಈಗ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಂಜೆ ಆರೂವರೆಗೆ ನಿಂತಿದ್ದೀರಿ ಅಂದುಕೊಳ್ಳಿ. ಬ್ರೇಕ್ ಸ್ವಲ್ಪ ಬಿಡುತ್ತೀರಿ, ಕಾರು ತೆವಳುತ್ತದೆ, ಮತ್ತೆ ಬ್ರೇಕ್. ಆ ತೆವಳಾಟದ ಅಷ್ಟೂ ಹೊತ್ತು ಕಂಪ್ಯೂಟರ್ ಹಾಫ್ ಕ್ಲಚ್‌ನಲ್ಲೇ ಕಾರು ಓಡಿಸುತ್ತಿರುತ್ತದೆ. ಪ್ಲೇಟು ಉಜ್ಜುತ್ತದೆ, ಬಿಸಿಯಾಗುತ್ತದೆ. ಹೀಗೆ ಬಿಸಿಯಾಗಿ ಬಿಸಿಯಾಗಿ ಅದರ ಮೇಲ್ಮೈ ಗಾಜಿನ ಹಾಗೆ ನುಣ್ಣಗಾಗುತ್ತದೆ. ಮೆಕ್ಯಾನಿಕ್‌ಗಳು "ಪ್ಲೇಟ್ ಗ್ಲೇಜ್ ಆಗಿದೆ" ಅನ್ನುವುದು ಇದಕ್ಕೇ. ಆಮೇಲೆ ಅದು ಒಂದೇ ಸಮ ಹಿಡಿಯುವುದಿಲ್ಲ. ಹಿಡಿದು, ಜಾರಿ, ಮತ್ತೆ ಹಿಡಿಯುತ್ತದೆ. ಮರದ ಕುರ್ಚಿಯನ್ನು ನೆಲದ ಮೇಲೆ ಎಳೆದರೆ ತಡೆದು ತಡೆದು ಗರಗರ ಅಂತ ಬರುತ್ತದಲ್ಲ, ಹಾಗೆ. ನಮ್ಮ ಸೀಟಿಗೆ ಬರುವ ನಡುಕ ಅದೇ.

ನಿಮ್ಮದು ಡ್ರೈ ಕ್ಲಚ್ಚಾ, ವೆಟ್ ಕ್ಲಚ್ಚಾ?

ಇದನ್ನು ಮೊದಲು ತಿಳಿದುಕೊಳ್ಳಿ. ಯಾಕೆಂದರೆ ಮುಂದಿನ ಪರಿಹಾರ ಎಲ್ಲ ಇದರ ಮೇಲೆ ನಿಂತಿದೆ.

ಡ್ರೈ ಕ್ಲಚ್‌ನಲ್ಲಿ ಪ್ಲೇಟುಗಳು ಗಾಳಿಯಲ್ಲೇ ತಣ್ಣಗಾಗಬೇಕು. ಫೋಕ್ಸ್‌ವ್ಯಾಗನ್ ಗುಂಪಿನ ಡಿಕ್ಯು200 ಅನ್ನುವ 7 ಗೇರಿನ ಡಿಎಸ್‌ಜಿ (ಅವರ ಡಿಸಿಟಿಯ ಹೆಸರು) ಈ ಜಾತಿಯದು. 2008ರಲ್ಲಿ ಬಂದದ್ದು, 250 ನ್ಯೂಟನ್ ಮೀಟರ್ ಟಾರ್ಕ್‌ವರೆಗೆ ತಡೆಯುವಂತೆ ಮಾಡಿದ್ದು. ನಮ್ಮಲ್ಲಿ ಪೋಲೊ ಜಿಟಿ ಟಿಎಸ್‌ಐನಲ್ಲಿ ಇದ್ದದ್ದು ಇದೇ. ಹ್ಯುಂಡೈ ವೆನ್ಯೂ ಟರ್ಬೊದಲ್ಲಿ ಬರುವ 7 ಗೇರಿನ ಡಿಸಿಟಿಯೂ ಡ್ರೈ. ಫೋರ್ಡ್ ಫಿಯೆಸ್ಟಾ ಮತ್ತು ಮೊದಲ ಇಕೋಸ್ಪೋರ್ಟ್‌ನಲ್ಲಿ ಬಂದ 6 ಗೇರಿನ ಪವರ್‌ಶಿಫ್ಟ್ (ಫೋರ್ಡ್‌ನ ಡಿಸಿಟಿ) ಕೂಡ ಡ್ರೈ.

ವೆಟ್ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತದೆ. ಟಾಟಾ ಆಲ್ಟ್ರೋಜ್‌ನ ಡಿಸಿಎ (ಟಾಟಾದ ಡಿಸಿಟಿಯ ಹೆಸರು) ಇಂಥದ್ದು. 2003ರಲ್ಲಿ ಗಾಲ್ಫ್ ಆರ್32ನಲ್ಲಿ ಮೊದಲು ಬಂದ 6 ಗೇರಿನ ಡಿಎಸ್‌ಜಿಯೂ ವೆಟ್ ಕ್ಲಚ್ಚಿನದೇ.

ಇನ್ನೊಂದು ಮಾತು. ಎಎಂಟಿ, ಸಿವಿಟಿ, ಟಾರ್ಕ್ ಕನ್ವರ್ಟರ್ ಇವು ಯಾವುವೂ ಡಿಸಿಟಿ ಅಲ್ಲ. ಆಟೋಮ್ಯಾಟಿಕ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಆಗುವುದಿಲ್ಲ. ಎಎಂಟಿ ಕಾರು ಗೇರ್ ಬದಲಿಸುವಾಗ ತಲೆ ಮುಂದಕ್ಕೆ ವಾಲುವುದು ಅದರ ಗುಣ, ಅದನ್ನು ಈ ನಡುಕದ ಜೊತೆ ಸೇರಿಸಬೇಡಿ.

ನಡುಕ ಕ್ಲಚ್ಚಿನದೇ ಹೌದಾ?

ಅವಸರ ಬೇಡ. ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಸರೆ) ಹೋದರೂ ಕಾರು ನಡುಗುತ್ತದೆ. ಸ್ಪಾರ್ಕ್ ಪ್ಲಗ್ಗೋ ಇಗ್ನಿಷನ್ ಕಾಯಿಲ್ಲೋ ಕೈಕೊಟ್ಟರೂ ನಡುಗುತ್ತದೆ. ಇವನ್ನು ಸರಿಮಾಡುವ ಖರ್ಚಿಗೂ ಕ್ಲಚ್ ಸೆಟ್ಟಿನ ಖರ್ಚಿಗೂ ಅಜಗಜಾಂತರ. ಹಾಗಾಗಿ ಮನೆ ಹತ್ತಿರದ ಖಾಲಿ ರಸ್ತೆಯಲ್ಲಿ ನೀವೇ ಒಂದರ್ಧ ಗಂಟೆ ಪರೀಕ್ಷೆ ಮಾಡಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಒಳ್ಳೆಯದು.

ಮೊದಲು ಕಾರನ್ನು ಎನ್ (ನ್ಯೂಟ್ರಲ್)ನಲ್ಲಿಟ್ಟು ನಿಲ್ಲಿಸಿ. ಎಂಜಿನ್ ಓಡುತ್ತಿರಲಿ. ಹಾಗೇ ನಿಂತಲ್ಲೇ ಸ್ಟೀರಿಂಗ್ ನಡುಗುತ್ತಿದ್ದರೆ ಅನುಮಾನ ಎಂಜಿನ್ ಮತ್ತು ಮೌಂಟ್‌ಗಳ ಮೇಲೆ ಹೋಗಬೇಕು.

ಈಗ ಬ್ರೇಕ್ ಪೂರ್ತಿ ಒತ್ತಿ ಡಿ (ಡ್ರೈವ್)ಗೆ ಹಾಕಿ. ಬ್ರೇಕ್ ಗಟ್ಟಿಯಾಗಿ ಒತ್ತಿದಾಗ ಡಿಸಿಟಿಯ ಕ್ಲಚ್ ಬಿಟ್ಟುಕೊಂಡಿರಬೇಕು. ಎನ್‌ನಲ್ಲಿ ಇಲ್ಲದ ನಡುಕ ಇಲ್ಲಿ ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಥವಾ ಮೌಂಟ್ ಕೆಟ್ಟಿದೆ ಅಂತ ಬರೆದಿಟ್ಟುಕೊಳ್ಳಿ.

ಮೂರನೆಯದು, ನಿಧಾನವಾಗಿ ಹೊರಡಿ. ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ. ಹೊರಡುವಾಗಲೇ ನಡುಗಿದರೆ ಅದು 1ನೇ ಗೇರಿನ ಕ್ಲಚ್. ಹತ್ತು ಹದಿನೈದು ಕಿ.ಮೀ ವೇಗದಲ್ಲಿ, 2ಕ್ಕೆ ಹೋಗುವಾಗಲೋ ಅಥವಾ 2ರಲ್ಲಿ ತೆವಳುವಾಗಲೋ ನಡುಗಿದರೆ ಇನ್ನೊಂದು ಕ್ಲಚ್. ಇದನ್ನು ಖಚಿತ ಮಾಡಿಕೊಳ್ಳಲು ರಿವರ್ಸ್ ಪರೀಕ್ಷೆ ಇದೆ. ಸಣ್ಣ ಏರಿನ ಮೇಲೆ ಹಿಮ್ಮುಖವಾಗಿ ನಿಧಾನಕ್ಕೆ ಹತ್ತಿಸಿ. 2ರಲ್ಲೂ ರಿವರ್ಸ್‌ನಲ್ಲೂ ನಡುಕ ಇದೆ, 1ರಲ್ಲಿ ಇಲ್ಲ ಅಂದರೆ ಸರಿ ಸಂಖ್ಯೆಯ ಗೇರುಗಳ ಕ್ಲಚ್ಚೇ ಅಂತ ಬಹುಮಟ್ಟಿಗೆ ಹೇಳಬಹುದು. ನಮ್ಮ ಕಾರಿನಲ್ಲಿ ಆಗಿದ್ದು ಇದೇ.

ಎಂಬತ್ತು ತೊಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ. ಜೋರಾಗಿ ಎಳೆಯುವಾಗ ಕಾರು ಮುಗ್ಗರಿಸಿ, ಚೆಕ್ ಎಂಜಿನ್ ದೀಪ ಮಿನುಗಿದರೆ ಅದು ಮಿಸ್‌ಫೈರ್, ಅಂದರೆ ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಇವು ಯಾವುವಕ್ಕೂ ಕ್ಲಚ್ ಬಿಚ್ಚಬೇಕಾಗಿಲ್ಲ.

ಮಳೆಗಾಲದಲ್ಲಿ ಎರಡು ಮೂರು ದಿನ ಹೊರಗೆ ನಿಂತ ಡ್ರೈ ಕ್ಲಚ್ ಕಾರು ಬೆಳಿಗ್ಗೆ ಮೊದಲ ಒಂದೆರಡು ಸಲ ನಡುಗಿ ಆಮೇಲೆ ಸರಿಹೋಗಬಹುದು. ತೇವಕ್ಕೆ ಹಾಗಾಗುತ್ತದೆ. ಅದಕ್ಕೆ ಗಾಬರಿಯಾಗಬೇಡಿ. ಕಾರು ಬಿಸಿಯಾದಷ್ಟೂ ನಡುಕ ಜಾಸ್ತಿಯಾಗುತ್ತಿದ್ದರೆ ಮಾತ್ರ ಗಮನ ಕೊಡಲೇಬೇಕು.

ನಡುಕವನ್ನು ಬರೆದಿಡಿ

ಒಂದು ವಾರ ಸಾಕು. ಫೋನಿನಲ್ಲೇ ಬರೆಯಿರಿ. ದಿನಾಂಕ, ಓಡೋಮೀಟರ್, ಎಷ್ಟು ಹೊತ್ತು ಓಡಿಸಿದ ಮೇಲೆ, ಎಷ್ಟು ವೇಗ, ಯಾವ ಗೇರ್, ಏರೋ ಸಮತಟ್ಟೋ, ಎಸಿ ಇತ್ತೋ ಇಲ್ಲವೋ. ನನ್ನ ಒಂದು ಸಾಲು ಹೀಗಿತ್ತು: "ಸಂಜೆ 7, ಹೆಬ್ಬಾಳ, 40 ನಿಮಿಷ ಟ್ರಾಫಿಕ್ ಆದ ಮೇಲೆ, 2ನೇ ಗೇರ್, 12 ಕಿ.ಮೀ, ಎರಡು ಸೆಕೆಂಡ್ ನಡುಕ, ಎಸಿ ಆನ್." ಇಂಥ ಏಳೆಂಟು ಸಾಲು ಒಟ್ಟಾದಾಗ ಅದರಲ್ಲಿ ಒಂದು ಕ್ರಮ ಕಾಣುತ್ತದೆ. ನನಗೆ ಕಂಡದ್ದು, ಅರ್ಧ ಗಂಟೆ ಟ್ರಾಫಿಕ್‌ಗೆ ಮುಂಚೆ ಒಮ್ಮೆಯೂ ನಡುಕ ಬಂದಿಲ್ಲ ಅನ್ನುವುದು. ಬೆಳಿಗ್ಗೆ ಹತ್ತಕ್ಕೆ ಸರ್ವಿಸ್ ಸೆಂಟರ್‌ಗೆ ಕೊಟ್ಟ ಕಾರಿನಲ್ಲಿ ಅವರಿಗೆ ಏನೂ ಸಿಗದೇ ಇದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು.

ವಿಡಿಯೊ ಮಾಡುವುದಾದರೆ ಪಕ್ಕದವರ ಕೈಯಲ್ಲಿ ಮಾಡಿಸಿ. ಆರ್‌ಪಿಎಂ ಮುಳ್ಳು, ಗೇರ್ ತೋರಿಸುವ ಅಂಕಿ, ಕಪ್ ಹೋಲ್ಡರಿನ ನೀರು ಇಷ್ಟು ಕಂಡರೆ ಸಾಕು. ನಡುಗುವಾಗ ಮುಳ್ಳು ಕೂಡ ಸಣ್ಣಗೆ ಅದುರಿದರೆ ಅದು ಕ್ಲಚ್ ಹಿಡಿದು ಜಾರುತ್ತಿರುವ ಗುರುತು.

ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸಿ ಫೋನಿನಲ್ಲಿ ದೋಷ ಓದುವ ಸಾಧನ) ಇದ್ದರೆ ಫಾಲ್ಟ್ ಕೋಡ್ ಓದಿ, ಫೋಟೊ ತೆಗೆದಿಡಿ. ಆದರೆ ದಯವಿಟ್ಟು ಅಳಿಸಬೇಡಿ. ಕೋಡಿನ ಜೊತೆಗೆ ಆ ಹೊತ್ತಿನ ವೇಗ, ಬಿಸಿ ಎಲ್ಲ ಕಂಪ್ಯೂಟರ್‌ನಲ್ಲಿ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಓಡಿಸುವ ರೀತಿಯಲ್ಲಿ ಬದಲಾಯಿಸಬೇಕಾದ್ದು

ನಿಮ್ಮ ತಪ್ಪಿನಿಂದಲೇ ಕಾರು ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ ಕೆಳಗಿನ ಅಭ್ಯಾಸಗಳಿಂದ ಕ್ಲಚ್ಚಿನ ಬಿಸಿ ನಿಜವಾಗಿಯೂ ಕಡಿಮೆಯಾಗುತ್ತದೆ. ಶುರುವಿನ ಹಂತದ ನಡುಕ ಎಷ್ಟೋ ಸಲ ಇದರಲ್ಲೇ ಹತೋಟಿಗೆ ಬರುತ್ತದೆ.

ಮುಖ್ಯವಾದದ್ದು ಗ್ಯಾಪ್. ಮುಂದಿನ ಕಾರು ಎರಡಡಿ ಹೋದ ತಕ್ಷಣ ನೀವೂ ಹೋಗಬೇಡಿ. ಒಂದು ಕಾರಿನಷ್ಟು ಜಾಗ ಆಗಲಿ, ಆಮೇಲೆ ಸರಿಯಾಗಿ ಹೊರಟು, ಸರಿಯಾಗಿ ನಿಲ್ಲಿಸಿ. ಬೆಂಗಳೂರಿನಲ್ಲಿ ಆ ಜಾಗಕ್ಕೆ ಬೈಕ್ ನುಗ್ಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಗೊತ್ತು. ಆದರೂ ಹತ್ತು ಸಲ ತೆವಳುವುದಕ್ಕಿಂತ ಮೂರು ಸಲ ಹೊರಡುವುದು ಕ್ಲಚ್ಚಿಗೆ ಎಷ್ಟೋ ಮೇಲು.

ಬ್ರೇಕ್ ಅರ್ಧ ಒತ್ತಿ ನಿಲ್ಲಬೇಡಿ. ಕಾಲು ಹಗುರವಾಗಿದ್ದರೆ ಕಂಪ್ಯೂಟರ್ ಇವರು ಹೊರಡುತ್ತಾರೇನೋ ಅಂತ ಕ್ಲಚ್ಚನ್ನು ಮೆಲ್ಲಗೆ ಹಿಡಿಯಲು ನೋಡುತ್ತದೆ. ಪೂರ್ತಿ ಒತ್ತಿ. ನಿಂತಾಗ ಬ್ರೇಕನ್ನು ತಾನೇ ಹಿಡಿದಿಡುವ ಆಟೋ ಹೋಲ್ಡ್ ಬಟನ್ ಇದ್ದರೆ ಬಳಸಿ.

ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರು ನಿಲ್ಲಿಸುವ ಅಭ್ಯಾಸವನ್ನು ಇವತ್ತೇ ಬಿಡಿ. ಫ್ಲೈಓವರ್ ಏರಿನಲ್ಲಿ ಕಾರು ಹಿಂದಕ್ಕೆ ಜಾರಬಾರದು ಅಂತ ಕೆಲವರು ಸಣ್ಣಗೆ ರೇಸ್ ಕೊಟ್ಟು ನಿಂತಿರುತ್ತಾರೆ. ಡ್ರೈ ಕ್ಲಚ್ಚಿಗೆ ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ. ಒಂದೆರಡು ನಿಮಿಷದಲ್ಲೇ ಸುಟ್ಟ ವಾಸನೆ ಬರಬಹುದು. ಬ್ರೇಕ್ ಮೇಲೆ ನಿಲ್ಲಿ. ಹಿಲ್ ಹೋಲ್ಡ್ ಇದ್ದರೆ ಹೊರಡುವಾಗ ಅದು ಒಂದೆರಡು ಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ.

ನಿಧಾನಕ್ಕೆ, ಆದರೆ ನಿಲ್ಲದೆ ಸಾಗುವ ಟ್ರಾಫಿಕ್‌ನಲ್ಲಿ ಮ್ಯಾನುವಲ್ ಮೋಡ್‌ಗೆ ಹಾಕಿ 1ನೇ ಗೇರ್‌ನಲ್ಲೇ ಇಟ್ಟುಕೊಂಡು ನೋಡಿ. ಪೆಟ್ರೋಲ್ ಉಳಿಸಲು ಡಿ ಮೋಡ್ ಬೇಗ 2ಕ್ಕೆ ಹೋಗುತ್ತದೆ. ಆ ವೇಗಕ್ಕೆ 2 ಜಾಸ್ತಿಯಾಗಿ ಕ್ಲಚ್ ಜಾರುತ್ತಾ ಇರುತ್ತದೆ. 1ರಲ್ಲಿ ಕ್ಲಚ್ ಪೂರ್ತಿ ಹಿಡಿದುಕೊಳ್ಳುತ್ತದೆ, ಉಜ್ಜಾಟ ಇಲ್ಲ. ನನ್ನ ಕಾರಿನಲ್ಲಿ ಈ ಒಂದೇ ಬದಲಾವಣೆಯಿಂದ ಸಂಜೆಯ ನಡುಕ ಅರ್ಧಕ್ಕರ್ಧ ಇಳಿಯಿತು.

ಪ್ರತಿ ಸಿಗ್ನಲ್‌ನಲ್ಲೂ ಡಿಯಿಂದ ಎನ್, ಎನ್‌ನಿಂದ ಡಿ ಮಾಡುವ ಅಗತ್ಯ ಇಲ್ಲ. ಬ್ರೇಕ್ ಒತ್ತಿದಾಗ ಕ್ಲಚ್ ಹೇಗೂ ಬಿಟ್ಟಿರುತ್ತದೆ. ರೈಲ್ವೆ ಗೇಟ್‌ನಂಥ ಕಡೆ ತುಂಬ ಹೊತ್ತು ನಿಲ್ಲುವುದಾದರೆ ಪಿ (ಪಾರ್ಕ್)ಗೆ ಹಾಕಿ.

ಘಾಟಿಯ ವಿಷಯ ಬೇರೆಯೇ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿ ಹಿಂದೆ ಸಿಕ್ಕಿಕೊಂಡು ನಡಿಗೆಯ ವೇಗದಲ್ಲಿ ಏರುವುದು ಕ್ಲಚ್ಚಿಗೆ ಅತಿ ಕಷ್ಟದ ಕೆಲಸ. ಅಗಲವಾದ ಜಾಗ ಸಿಕ್ಕರೆ ಪಕ್ಕಕ್ಕೆ ನಿಲ್ಲಿಸಿ, ಲಾರಿ ಮುಂದೆ ಹೋಗಲಿ, ಆಮೇಲೆ ಹೊರಡಿ. ಮೀಟರ್ ಬೋರ್ಡ್‌ನಲ್ಲಿ ಟ್ರಾನ್ಸ್‌ಮಿಷನ್ ಬಿಸಿಯಾಗಿದೆ ಅನ್ನುವ ಸಂದೇಶ ಬಂದರೆ ವಾದ ಮಾಡದೆ ನಿಲ್ಲಿಸಿ. ಪಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಎಂಜಿನ್ ಓಡುತ್ತಿರಲಿ. ಹ್ಯುಂಡೈ, ಕಿಯಾ ಕಾರುಗಳಲ್ಲಿ ಎಷ್ಟು ನಿಮಿಷ ಕಾಯಬೇಕು ಅಂತಲೂ ಪರದೆ ಮೇಲೆ ತೋರಿಸುತ್ತದೆ. ಅಷ್ಟು ಹೊತ್ತು ಕಾಯಿರಿ. ಬಿಸಿಯಾದಾಗ ಗೇರ್ ಸರಿಯಾಗಿ ಬೀಳದೆ ಎಗರುವುದು, ನಡುಗುವುದು ಇವೆಲ್ಲ ಆಗುತ್ತವೆ ಅಂತ ಕಂಪನಿಯ ಪುಸ್ತಕದಲ್ಲೇ ಬರೆದಿದೆ. ತಣ್ಣಗಾದ ಮೇಲೂ ಉಳಿದರೆ ಮಾತ್ರ ಅದು ಕಾಯಿಲೆ.

ಸರ್ವಿಸ್ ಸೆಂಟರ್‌ನಲ್ಲಿ ಹೇಗೆ ಹೇಳಬೇಕು

"ಗಾಡಿ ಜರ್ಕ್ ಹೊಡೀತಿದೆ" ಅಂದರೆ ಜಾಬ್ ಕಾರ್ಡ್‌ನಲ್ಲಿ "ಜರ್ಕಿಂಗ್, ಚೆಕ್" ಅಂತ ಎರಡು ಪದ ಬೀಳುತ್ತದೆ. ಸಂಜೆ "ಚೆಕ್ಡ್, ಓಕೆ" ಅಂತ ವಾಪಸ್ ಬರುತ್ತದೆ. ಅದರ ಬದಲು ನಿಮ್ಮ ಪಟ್ಟಿ ಮುಂದಿಟ್ಟು ಪೂರ್ತಿ ವಾಕ್ಯ ಬರೆಸಿ: ಅರ್ಧ ಗಂಟೆ ಟ್ರಾಫಿಕ್ ಆದ ಮೇಲೆ, 2ನೇ ಗೇರ್‌ನಲ್ಲಿ, 10ರಿಂದ 15 ಕಿ.ಮೀ ವೇಗದಲ್ಲಿ ನಡುಕ, ರಿವರ್ಸ್ ಏರಿನಲ್ಲೂ ಇದೆ. ಬರೆದದ್ದನ್ನು ಓದಿ ನೋಡಿ ಸಹಿ ಹಾಕಿ. ಪ್ರತಿ ಸಲದ ಜಾಬ್ ಕಾರ್ಡ್ ನಕಲು ಮನೆಯಲ್ಲಿರಲಿ.

ಸಾಧ್ಯವಾದರೆ ಕಾರು ಬಿಸಿಯಾಗಿರುವಾಗಲೇ ತಲುಪುವ ಹಾಗೆ ಹೋಗಿ, ಟೆಕ್ನಿಷಿಯನ್ ಪಕ್ಕದಲ್ಲಿ ಕೂರಲಿ. ನಾನು ನಾಲ್ಕನೇ ಸಲ ಬೇರೆ ಗ್ಯಾರೇಜಿಗೆ ಹೋಗಿದ್ದು ಸಂಜೆ ಹೊತ್ತಿನಲ್ಲಿ, ಟ್ರಾಫಿಕ್ ಎಲ್ಲ ಮುಗಿಸಿಕೊಂಡು. ಅಲ್ಲಿದ್ದ ಹುಡುಗ ಎಂಜಿನ್ ಆಫ್ ಮಾಡಲು ಬಿಡಲಿಲ್ಲ. "ಹಾಗೇ ಇರ್ಲಿ ಸಾರ್, ಬನ್ನಿ" ಅಂತ ಲ್ಯಾಪ್‌ಟಾಪ್ ತಂದು ತೊಡೆ ಮೇಲೆ ಇಟ್ಟುಕೊಂಡು ಕೂತ. ಗ್ಯಾರೇಜಿನ ಹಿಂದೆ ಒಂದು ಸಣ್ಣ ಇಳಿಜಾರು. ಅಲ್ಲಿ ಮೂರು ಸಲ ರಿವರ್ಸ್ ಹತ್ತಿಸಲು ಹೇಳಿದ. ಮೂರನೇ ಸಲ ಅಂಗೈಯನ್ನು ಗೇರ್ ಲಿವರ್ ಪಕ್ಕದ ಪ್ಲಾಸ್ಟಿಕ್ ಮೇಲೆ ಊರಿ ಕಣ್ಣು ಮುಚ್ಚಿಕೊಂಡ. "ಬಂತು ನೋಡಿ. ಇದು ಎರಡನೇ ಕ್ಲಚ್" ಅಂದ. ಆರು ತಿಂಗಳಲ್ಲಿ ಮೊದಲ ಸಲ ಒಬ್ಬರು ಆ ನಡುಕವನ್ನು ಮುಟ್ಟಿ ನೋಡಿದ್ದರು. ನನಗೆ ಅಲ್ಲೇ ಅರ್ಧ ಭಾರ ಇಳಿದ ಹಾಗಾಯಿತು.

"ನೀವು ಓಡಿಸೋದೇ ಸರಿ ಇಲ್ಲ" ಅನ್ನುವ ಮಾತು ನಮಗೆ ಮಾತ್ರ ಸಿಗುವುದಲ್ಲ. ಆಸ್ಟ್ರೇಲಿಯಾದಲ್ಲಿ ಪವರ್‌ಶಿಫ್ಟ್ ಗೇರ್‌ಬಾಕ್ಸಿನ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕೊಂಡವರು ನಡುಕದ ದೂರು ಕೊಟ್ಟಾಗ, ಕೆಲವರಿಗೆ ಅದು ನಿಮ್ಮ ಡ್ರೈವಿಂಗ್‌ನಿಂದ ಅಂತ ಉತ್ತರ ಬಂದಿತ್ತು. ವಿಷಯ ಅಲ್ಲಿನ ಗ್ರಾಹಕ ಆಯೋಗದ ಮೂಲಕ ಕೋರ್ಟಿಗೆ ಹೋಯಿತು. 2018ರಲ್ಲಿ ಫೆಡರಲ್ ಕೋರ್ಟ್ ಫೋರ್ಡ್ ಆಸ್ಟ್ರೇಲಿಯಾಕ್ಕೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ದೂರುಗಳನ್ನು ನಡೆಸಿಕೊಂಡ ರೀತಿಗೆ ಬಿದ್ದ ದಂಡ ಅದು. ಯಾರಾದರೂ ಇದು ನಿಮ್ಮ ಡ್ರೈವಿಂಗ್‌ನಿಂದಲೇ ಅಂದರೆ, ಹಾಗಂತ ಜಾಬ್ ಕಾರ್ಡ್‌ನಲ್ಲಿ ಬರೆದು ಕೊಡಿ ಅಂತ ಕೇಳಿ. ಕಾಗದದ ಮೇಲೆ ಬರೆಯಬೇಕು ಅಂದಾಗ ಜನ ಇನ್ನೊಮ್ಮೆ ಯೋಚಿಸುತ್ತಾರೆ.

ಮೊದಲು ಅಡಾಪ್ಟೇಶನ್, ಆಮೇಲೆ ಸ್ಪ್ಯಾನರ್

ಮ್ಯಾನುವಲ್ ಕಾರಿನಲ್ಲಿ ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದು ನಮ್ಮ ಕಾಲಿಗೆ ಗೊತ್ತಿರುತ್ತದೆ. ಅದನ್ನು ಬೈಟಿಂಗ್ ಪಾಯಿಂಟ್ ಅನ್ನುತ್ತೇವೆ. ಪ್ಲೇಟ್ ಸವೆದ ಹಾಗೆ ಆ ಜಾಗ ಬದಲಾಗುತ್ತದೆ, ಕಾಲು ಹೊಂದಿಕೊಳ್ಳುತ್ತದೆ. ಡಿಸಿಟಿಯಲ್ಲಿ ಕಂಪ್ಯೂಟರ್ ಹಾಗೆ ಹೊಂದಿಕೊಳ್ಳಬೇಕು. ಒಮ್ಮೊಮ್ಮೆ ಅದರ ಲೆಕ್ಕ ತಪ್ಪುತ್ತದೆ. ಆಗ ಹಳೆಯ ಲೆಕ್ಕ ಅಳಿಸಿ ಹೊಸದಾಗಿ ಕಲಿಸಬೇಕು. ಅದೇ ಅಡಾಪ್ಟೇಶನ್, ಕೆಲವರು ಬೇಸಿಕ್ ಸೆಟ್ಟಿಂಗ್ ಅಥವಾ ರೀಲರ್ನ್ ಅನ್ನುತ್ತಾರೆ. ಜೊತೆಗೆ ಗೇರ್‌ಬಾಕ್ಸ್ ಸಾಫ್ಟ್‌ವೇರ್‌ಗೆ ಹೊಸ ಅಪ್‌ಡೇಟ್ ಬಂದಿದೆಯಾ ಅಂತಲೂ ಕೇಳಿ.

ಇದಕ್ಕೆ ಆ ಕಂಪನಿಯ ಕಾರಿಗೆ ಸರಿಹೊಂದುವ ಸ್ಕ್ಯಾನರ್ ಬೇಕು. ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ಹದವಾಗಿ ಬಿಸಿಯಾಗಿರಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು. ಬ್ಯಾಟರಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗೇರ್‌ಬಾಕ್ಸಿನ ಕಂಪ್ಯೂಟರ್, ಮೋಟಾರು, ಪಂಪು ಎಲ್ಲವೂ ಆ 12 ವೋಲ್ಟ್ ನಂಬಿಕೊಂಡಿವೆ. ನಾಲ್ಕೈದು ವರ್ಷದ ಬ್ಯಾಟರಿಯಾಗಿದ್ದರೆ ಮೊದಲು ಅದನ್ನು ಟೆಸ್ಟ್ ಮಾಡಿಸಿ. ಅಡಾಪ್ಟೇಶನ್ ಮುಗಿದ ಮೇಲೆ ಟೆಸ್ಟ್ ಡ್ರೈವ್ ಕೂಡ ಆಗಬೇಕು. ಅಂಗಳದಲ್ಲೇ ನಿಲ್ಲಿಸಿ "ಆಯ್ತು ಸಾರ್" ಅಂದರೆ ಅರ್ಧ ಕೆಲಸ ಮಾತ್ರ ಆಗಿದೆ.

ಬ್ಯಾಟರಿ ವೈರ್ ಬಿಚ್ಚಿ ಹತ್ತು ನಿಮಿಷ ಬಿಟ್ಟರೆ ಎಲ್ಲ ರೀಸೆಟ್ ಆಗುತ್ತದೆ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಬೇಡ. ಅದರಿಂದ ಕ್ಲಚ್ಚಿನ ಲೆಕ್ಕ ಸರಿಹೋಗುವ ಭರವಸೆ ಇಲ್ಲ.

ಎಣ್ಣೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ವೆಟ್ ಕ್ಲಚ್ ಆದರೆ ಎಣ್ಣೆ ಮತ್ತು ಫಿಲ್ಟರ್ ಬದಲಿಸುವುದು ನಿಜವಾದ ಚಿಕಿತ್ಸೆ. ಎಣ್ಣೆ ಹಳೆಯದಾದರೆ ನಡುಕ ಬರುತ್ತದೆ. ಫೋಕ್ಸ್‌ವ್ಯಾಗನ್‌ನ 6 ಗೇರಿನ ವೆಟ್ ಡಿಎಸ್‌ಜಿಗೆ 60,000 ಕಿ.ಮೀಗೊಮ್ಮೆ ಬದಲಿಸಬೇಕು. ನಿಮ್ಮ ಕಾರಿನ ಲೆಕ್ಕ ಓನರ್ಸ್ ಮ್ಯಾನುವಲ್‌ನಲ್ಲಿರುತ್ತದೆ, ಅದರಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿ. ಡ್ರೈ ಕ್ಲಚ್ ಆದರೆ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗುವುದೇ ಇಲ್ಲ, ತಾಗಲೂಬಾರದು. ಹಾಗಿರುವಾಗ "ಗೇರ್ ಆಯಿಲ್ ಬದಲಿಸಿದರೆ ನಡುಕ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಹೇಗೆ ಅಂತ ಕೇಳಿ.

ಕ್ಲಚ್ ಬದಲಿಸಲೇಬೇಕು ಅಂದಾಗ

ಅಡಾಪ್ಟೇಶನ್ ಆಗಿದೆ, ಅಪ್‌ಡೇಟ್ ಆಗಿದೆ, ಮೌಂಟ್ ಚೆನ್ನಾಗಿದೆ, ಆದರೂ ನಡುಕ ಇದೆ. ಅಥವಾ ಸುಟ್ಟ ವಾಸನೆ ಬರುತ್ತಿದೆ, ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ಕಾರಿನ ವೇಗ ಏರುತ್ತಿಲ್ಲ. ಆಗ ಬಿಚ್ಚುವುದು ಬಿಟ್ಟು ದಾರಿಯಿಲ್ಲ. ಜಂಕ್ಷನ್ ದಾಟುವಾಗ ಕಾರು ಒಂದು ಕ್ಷಣ ಎಳೆಯದೇ ನಿಂತರೆ, ಅಥವಾ ಗೇರ್ ಅಂಕಿ ಮಿನುಗಿ ಕೆಲವು ಗೇರ್ ಬೀಳದೇ ಹೋದರೆ ಆ ಕಾರನ್ನು ಓಡಿಸಬೇಡಿ. ಫ್ಲ್ಯಾಟ್‌ಬೆಡ್ ಟೋಯಿಂಗ್ ಕರೆಸಿ. ಹಗ್ಗ ಕಟ್ಟಿ ಎಳೆಸಬೇಡಿ.

ಎಸ್ಟಿಮೇಟ್ ಕೊಟ್ಟಾಗ ನಾಲ್ಕು ವಿಷಯ ಕೇಳಿ. ಕ್ಲಚ್ ಎಷ್ಟು ಸವೆದಿದೆ ಅಂತ ಸ್ಕ್ಯಾನರ್ ತೋರಿಸಿದ ಅಂಕಿ ಎಷ್ಟು? ಬರೀ ಕ್ಲಚ್ ಸೆಟ್ ಸಾಕಾ, ಪೂರ್ತಿ ಗೇರ್‌ಬಾಕ್ಸ್ ಅನ್ನುತ್ತಿರುವುದು ಯಾಕೆ? ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿದೆಯಾ? ಫ್ಲೈವೀಲ್ (ಎಂಜಿನ್ ಮತ್ತು ಕ್ಲಚ್ ನಡುವಿನ ಭಾರದ ಚಕ್ರ) ನೋಡಿದ್ದಾರಾ? ಸೀಲಿನ ಪ್ರಶ್ನೆ ತುಂಬ ಮುಖ್ಯ. ಪವರ್‌ಶಿಫ್ಟ್ ಕಾರುಗಳಲ್ಲಿ ಇನ್‌ಪುಟ್ ಶಾಫ್ಟಿನ ಸೀಲ್ ಸೋರಿ ಡ್ರೈ ಪ್ಲೇಟುಗಳಿಗೆ ಎಣ್ಣೆ ಹತ್ತುವುದು ನಡುಕಕ್ಕೆ ಒಂದು ಕಾರಣವಾಗಿತ್ತು. ಸೀಲ್ ಹಾಗೇ ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದಕ್ಕೂ ಎಣ್ಣೆ ಹತ್ತುತ್ತದೆ.

ಪ್ಲೇಟ್ ಹೊರತೆಗೆದು ಮರಳು ಕಾಗದದಲ್ಲಿ ಉಜ್ಜಿ ಹಾಕಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಕೆಲವು ದಿನ ಚೆನ್ನಾಗಿರುತ್ತದೆ. ಆಮೇಲೆ ನಡುಕ ವಾಪಸ್ ಬಂದಾಗ ಬಿಚ್ಚುವ ಕೂಲಿ ಇನ್ನೊಮ್ಮೆ ಕೊಡಬೇಕು.

ಹೊರಗಿನ ಗ್ಯಾರೇಜಿನಲ್ಲಿ ಮಾಡಿಸುವುದು ತಪ್ಪಲ್ಲ, ನಾನು ಮಾಡಿಸಿದ್ದು ಅಲ್ಲೇ. ಆದರೆ ಡ್ಯುಯಲ್ ಕ್ಲಚ್ ಕೂರಿಸಲು ವಿಶೇಷ ಟೂಲ್ ಸೆಟ್ ಬೇಕು. ಡಿಕ್ಯು200ನಂಥದ್ದರಲ್ಲಿ ಅಳತೆ ಹಿಡಿದು ಸರಿಯಾದ ದಪ್ಪದ ಶಿಮ್ (ಅಂತರ ಸರಿಪಡಿಸುವ ತೆಳು ಲೋಹದ ಬಿಲ್ಲೆ) ಆರಿಸಿ ಹಾಕಬೇಕು. ಶಿಮ್ ತಪ್ಪಿದರೆ ಹೊಸ ಕ್ಲಚ್ಚೂ ನಡುಗುತ್ತದೆ. "ಟೂಲ್ ಇದೆಯಾ, ತೋರಿಸಿ" ಅಂತ ಕೇಳಲು ಸಂಕೋಚ ಬೇಡ. ಕೆಲಸ ಗೊತ್ತಿರುವವರು ಖುಷಿಯಿಂದ ತೋರಿಸುತ್ತಾರೆ. ಹಳೆಯ ಪ್ಲೇಟನ್ನು ಕೇಳಿ ಪಡೆದುಕೊಳ್ಳಿ. ನಮ್ಮದು ಒಂದು ಬದಿ ಬೂದು ಬಣ್ಣಕ್ಕಿತ್ತು. ಇನ್ನೊಂದು ಬದಿ ನೀಲಿ ತಿರುಗಿ, ಉಗುರಿನಿಂದ ಗೀರಿದರೆ ಜಾರುವಷ್ಟು ನುಣ್ಣಗಿತ್ತು.

ವಾರಂಟಿ ಮತ್ತು ದೂರು

ವಾರಂಟಿ ಪುಸ್ತಕದಲ್ಲಿ ಕ್ಲಚ್ ಅನ್ನುವ ಪದ ಎಲ್ಲೆಲ್ಲಿ ಬರುತ್ತದೆ ನೋಡಿ. ಎಕ್ಸ್‌ಟೆಂಡೆಡ್ ವಾರಂಟಿಗಳಲ್ಲಿ ಅದನ್ನು ಸವೆಯುವ ಭಾಗ ಅಂತ ಹೊರಗಿಡುವುದು ಸಾಮಾನ್ಯ. ವಾರಂಟಿ ಮುಗಿಯುವ ಮುಂಚೆ ಬರವಣಿಗೆಯಲ್ಲಿ ಕೊಟ್ಟ ದೂರು ಇದ್ದರೆ, ಮುಗಿದ ಮೇಲೂ ಮಾತಾಡಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ. ಹಾಗಾಗಿ ಸಣ್ಣ ನಡುಕವಾದರೂ ಇವತ್ತೇ ಬರೆಸಿ.

ಡೀಲರ್ ಕೇಳದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ, ಜಾಬ್ ಕಾರ್ಡ್‌ಗಳನ್ನು ಸೇರಿಸಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾರು ಎಲ್ಲೇ ಕೊಂಡಿರಲಿ. ತೊಂದರೆ ಆದ 2 ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ. ವಕೀಲರು ಬೇಕೇ ಬೇಕು ಅಂತೇನಿಲ್ಲ. ಅಲ್ಲಿ ನಿಮ್ಮ ಪರವಾಗಿ ಮಾತಾಡುವುದು ಆ ಏಳೆಂಟು ಸಾಲಿನ ಪಟ್ಟಿ ಮತ್ತು ಜಾಬ್ ಕಾರ್ಡ್‌ಗಳೇ.

ಕಾರು ವಾಪಸ್ ತೆಗೆದುಕೊಳ್ಳುವಾಗ

ಹಣ ಕೊಡುವ ಮುಂಚೆ ಮೊದಲು ನಡುಕ ಬಂದ ಜಾಗದಲ್ಲೇ ಓಡಿಸಿ ನೋಡಿ. ಅದೇ ಇಳಿಜಾರು, ಅದೇ ರಿವರ್ಸ್, ಕಾರು ಬಿಸಿಯಾದ ಮೇಲೆ. ಬಿಲ್‌ನಲ್ಲಿ ಹೊಸ ಭಾಗದ ನಂಬರ್, ಅದರ ವಾರಂಟಿ, ಅಡಾಪ್ಟೇಶನ್ ಮಾಡಿದ್ದಾರೆ ಅನ್ನುವ ಸಾಲು ಮೂರೂ ಇರಲಿ.

ಹೊಸ ಪ್ಲೇಟು ಕೂತುಕೊಳ್ಳಲು ಕೆಲವು ನೂರು ಕಿ.ಮೀ ಬೇಕು. ಅಲ್ಲಿಯವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಿ ಹೊರಡಬೇಡಿ, ಘಾಟಿ ಪ್ರವಾಸ ಮುಂದಕ್ಕೆ ಹಾಕಿ. ಸಣ್ಣ ನಡುಕ ಉಳಿದಿದ್ದರೆ ಎರಡು ವಾರ ಆದ ಮೇಲೆ ಇನ್ನೊಮ್ಮೆ ಅಡಾಪ್ಟೇಶನ್ ಮಾಡಿಸಿ. ನಮ್ಮ ಕಾರಿಗೆ ಅದು ಬೇಕಾಯಿತು. ಅದಾದ ಮೇಲಿನ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಅದೇ ಮಾಲ್‌ಗೆ ಹೋದೆ. ರ‍್ಯಾಂಪ್ ಮೇಲೆ ಹತ್ತು ನಿಮಿಷ ಸಾಲಿನಲ್ಲಿ ನಿಂತೆವು, ಒಂದು ಕಾರಿನಷ್ಟು ಗ್ಯಾಪ್ ಬಿಟ್ಟುಕೊಂಡು. ಬಾಟಲಿಯ ನೀರು ಅಲುಗಲಿಲ್ಲ.